ಸಪ್ತಾಪುರದ ಕಡಲಹೂವು

ಧಾರವಾಡದಲ್ಲಿ ಸಮುದ್ರವಿಲ್ಲ ಎಂಬ ಮಾತು ಹಳೆಯದಾಗಿ ಬಹಳ ಕಾಲವಾಯಿತು. ಸಪ್ತಾಪುರದ ಯಾವ ಓಣಿಗೆ ಹೋದರೂ ಈಗ ಒಂದೆರಡು ಮನೆಗಳಲ್ಲಿ ಸಮುದ್ರವಿರುತ್ತದೆ. ಕೆಲವರದು ಹಿಂದೆ ಟಿವಿ ಇಡುತ್ತಿದ್ದ ಜಾಗದಲ್ಲಿ, ಕೆಲವರದು ಊಟದ ಮೇಜಿನ ಮಗ್ಗುಲಿಗೆ. ಒಬ್ಬ ವಕೀಲರು ತಮ್ಮ ಪಾಲಿನ ಸಮುದ್ರವನ್ನು ಕಕ್ಷಿದಾರರು ಕೂರುವ ಕೋಣೆಯಲ್ಲಿ ಇರಿಸಿಕೊಂಡಿದ್ದಾರೆ. ಬಂದವರು ಮೀನು ನೋಡುತ್ತ ನೋಡುತ್ತ ಜಗಳ ಮರೆತು ರಾಜಿಗೆ ಒಪ್ಪಿಬಿಡುತ್ತಾರೆಂದು ಅವರಿಗೆ ಸಣ್ಣ ಚಿಂತೆ.

ಇದೆಲ್ಲ ಶುರುವಾದದ್ದು ಕಡಲು ಬಿಸಿಯೇರಿದ ವರ್ಷಗಳಲ್ಲಿ. ನೇತ್ರಾಣಿ ನಡುಗಡ್ಡೆಯ ಸುತ್ತ ನೀರಿನಡಿಯ ಬಂಡೆಗಳ ಮೇಲೆ ಅನಿಮೋನಿಗಳಿದ್ದವು. ನೋಡಲು ಹೂವು, ಆದರೆ ಪ್ರಾಣಿ. ಬಂಡೆಗೆ ಪಾದ ಊರಿ, ನೂರಾರು ಬೆರಳು ಚಾಚಿ, ನಡುವೆ ಬಾಯಿ ತೆರೆದು ಕೂರುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ಬಿಸಿಲಿನಲ್ಲಿ ಅಡುಗೆ ಮಾಡಿ ಬಡಿಸುತ್ತವೆ. ನೀರು ವಿಪರೀತ ಬಿಸಿಯಾದಾಗ ಅನಿಮೋನಿ ತನ್ನ ಅಡುಗೆಯವರನ್ನೇ ಹೊರದೂಡಿ, ಬಣ್ಣ ಕಳೆದುಕೊಂಡು, ಬಿಳುಚಿ, ಹಸಿದು ಸಾಯುತ್ತದೆ. ಅದು ಹೋದರೆ ಅದರ ಬೆರಳುಗಳ ನಡುವೆ ಬದುಕುವ ಕ್ಲೌನ್ ಮೀನೂ ಹೋಯಿತು. ಕಿತ್ತಳೆ ಮೈಗೆ ಬಿಳಿ ಪಟ್ಟಿ ಬಳಿದುಕೊಂಡ ಈ ಕೋಡಂಗಿಗೆ ಬೇರೆ ಮನೆ ಗೊತ್ತಿಲ್ಲ. ವಿಜ್ಞಾನಿಗಳು ಉಳಿದವನ್ನೆಲ್ಲ ಬಾಚಿ ತಂದು ಕರಾವಳಿಯ ಒಂದು ದೊಡ್ಡ ಕಟ್ಟಡದಲ್ಲಿ ಸಾಕಿದರು. ಒಂದೇ ನೀರು ಎಲ್ಲ ತೊಟ್ಟಿಗಳಲ್ಲಿ ಸುತ್ತುತ್ತಿತ್ತು. ಆ ನೀರಿಗೆ ಒಂದು ರೋಗ ಬಂತು, ವಾರದೊಳಗೆ ಮುಕ್ಕಾಲು ಪಾಲು ಸತ್ತವು.

ಆಗ ಯಾರಿಗೋ ಹೊಳೆಯಿತು: ಎಲ್ಲವನ್ನೂ ಒಂದೇ ಕಡೆ ಯಾಕೆ ಇಡಬೇಕು? ಜನರ ಮನೆಗಳಲ್ಲಿ ಬೇರೆ ಬೇರೆ ಇಟ್ಟರೆ? ಹೀಗೆ ಹುಟ್ಟಿದ್ದು ಮನೆಗಡಲು. ಗಾಳಿ ಇನ್ನೂ ಸ್ವಲ್ಪ ತಂಪಾಗಿರುವ ಊರುಗಳಲ್ಲಿ ಮನೆಗೊಂದು ಗಾಜಿನ ತೊಟ್ಟಿ, ತೊಟ್ಟಿಗೊಂದು ಅನಿಮೋನಿ, ಅದಕ್ಕೊಂದು ಜೋಡಿ ಮೀನು. ಇದನ್ನು ಸಾಧ್ಯ ಮಾಡಿದ್ದು ‘ನಾಲಿಗೆ’ ಎಂದು ಎಲ್ಲರೂ ಕರೆಯುವ ಒಂದು ಬೆರಳಗಲದ ಪಟ್ಟಿ. ತೊಟ್ಟಿಯೊಳಗೆ ಅಂಟಿಕೊಂಡು ಅದು ನೀರಿನ ರುಚಿ ನೋಡುತ್ತಿರುತ್ತದೆ. ಉಪ್ಪು, ಬಿಸಿ, ಹುಳಿ ಅಷ್ಟೇ ಅಲ್ಲ, ಮೀನಿನ ಮತ್ತು ಅನಿಮೋನಿಯ ಮೈಯ ಲೋಳೆಯನ್ನೂ. ಅನಿಮೋನಿಯ ಬೆರಳುಗಳಲ್ಲಿ ವಿಷದ ಮುಳ್ಳುಗಳಿವೆ, ಬೇರೆ ಮೀನು ತಾಗಿದರೆ ಚುಚ್ಚಿ ಕೊಲ್ಲುತ್ತವೆ. ಕೋಡಂಗಿಯ ಲೋಳೆ ಮಾತ್ರ ಅವಕ್ಕೆ ಒಗ್ಗಿದೆ. ಎರಡೂ ನೆಮ್ಮದಿಯಿಂದಿದ್ದಾಗ ನೀರಿನಲ್ಲಿ ಲೋಳೆಯ ರುಚಿ ಒಂದು ಬಗೆ, ಸಂಕಟದಲ್ಲಿದ್ದಾಗ ಇನ್ನೊಂದು. ಧಾರವಾಡದ ಕೇಂದ್ರದಲ್ಲಿ ಗೋಡೆಯಗಲದ ನಕ್ಷೆಯ ಮೇಲೆ ಮನೆಗೊಂದು ದೀಪ. ನೆಮ್ಮದಿಗೆ ಹಸಿರು, ಅಳುಕಿಗೆ ಹಳದಿ, ಸಂಕಟಕ್ಕೆ ಕೆಂಪು.

ಆ ನಕ್ಷೆಯ ಮುಂದೆ ಕೂರುವವಳು ಚಾರ್ವಿ ಹೊಸಮನಿ. ಯಾವ ಮನೆಯ ದೀಪ ಕೆಂಪಾದರೂ ಮೊದಲು ಫೋನು ಮಾಡುವವಳು ಅವಳೇ. ಅವಳ ಮನೆಯಲ್ಲೂ ಒಂದು ಸಮುದ್ರವಿತ್ತು, ಅದೂ ಅಂತಿಂಥದಲ್ಲ. ಕಡಲು ಕುದಿದ ಆ ಬೇಸಿಗೆಯಲ್ಲಿ ನೇತ್ರಾಣಿಯ ಇಡೀ ಬಂಡೆಯ ಮೇಲೆ ಸ್ವಲ್ಪವೂ ಬಿಳುಚದೆ ಬಣ್ಣ ಉಳಿಸಿಕೊಂಡದ್ದು ಒಂದೇ ಒಂದು ಅನಿಮೋನಿ. ಅದರ ಮೈಯೊಳಗಿನ ಪಾಚಿಗೆ ಬಿಸಿ ತಾಳುವ ಗುಟ್ಟು ಗೊತ್ತಿತ್ತು. ಅದನ್ನು ಕತ್ತರಿಸಿ ಬೆಳೆಸಲು ಯಾರಿಗೂ ಧೈರ್ಯವಿರಲಿಲ್ಲ. ಮನೆಯಲ್ಲಿಟ್ಟುಕೊಳ್ಳುವ ಹೊಣೆಗೂ ಎಲ್ಲರೂ ಹಿಂಜರಿದರು, ಚಾರ್ವಿ ಒಪ್ಪಿದಳು. ಈ ಸಲ ಮಳೆಗಾಲ ಮುಗಿದ ಮೇಲೆ ಅದನ್ನು ಮರಳಿ ಕಡಲಿಗೆ ಬಿಡುವುದೆಂದು ನಿಶ್ಚಯವಾಗಿತ್ತು. ಅದು ಅಲ್ಲಿ ಬೇರೂರಿದರೆ ನೇತ್ರಾಣಿ ಮತ್ತೆ ಚಿಗುರುತ್ತದೆ, ಸತ್ತರೆ ಬೇರೆ ಬೀಜವಿಲ್ಲ.

ಮನೆಯಲ್ಲಿ ಈ ಸಂಸಾರದ ಯಜಮಾನಿಕೆ ಚಾರ್ವಿಯ ಅತ್ತೆ ಅಶ್ವಿನಿಯವರದು. ಅವರ ಕಾಲದಲ್ಲಿ ಓಣಿಗೊಬ್ಬರಂತೆ ಅಶ್ವಿನಿಯರಿದ್ದರಂತೆ, ಈಗ ಅದು ಅಜ್ಜಿಯಂದಿರ ಹೆಸರು. ಮೀನುಗಳಿಗೆ ಹೆಸರಿಟ್ಟವರೂ ಅವರೇ. ಕೋಡಂಗಿಗಳಲ್ಲಿ ಹೆಣ್ಣು ದೊಡ್ಡದು, ಗಂಡು ಅದರ ಅರ್ಧ. ಹೆಣ್ಣು ಎಲ್ಲಿ ಹೋದರೆ ಗಂಡು ಹಿಂದೆ. ಹೆಣ್ಣು ಸತ್ತರೆ ಆ ಗಂಡೇ ಕ್ರಮೇಣ ಹೆಣ್ಣಾಗಿ ಮನೆಯ ಅಧಿಕಾರ ವಹಿಸಿಕೊಳ್ಳುತ್ತದೆ ಎಂದು ಸೊಸೆ ಹೇಳಿದ ದಿನ ಅಶ್ವಿನಿಯವರು ಹೊಟ್ಟೆ ಹಿಡಿದುಕೊಂಡು ನಕ್ಕು, ಅವಕ್ಕೆ ಗೌಡ್ತಿ, ಗೌಡ ಎಂದು ಹೆಸರಿಟ್ಟರು. ಗೌಡ್ತಿ ಸಿಗಡಿ ಚೂರು ಸಿಕ್ಕರೆ ತಾನು ತಿನ್ನುವ ಮೊದಲು ಅನಿಮೋನಿಯ ಬಾಯಿಗೆ ತುರುಕುತ್ತಿತ್ತು. ಅದನ್ನು ನೋಡಿ ನೋಡಿ ಅವರಿಗೆ ದಣಿವಿಲ್ಲ. ತಾವು ಉಣ್ಣುವ ಮೊದಲು ಇನ್ನೊಬ್ಬರ ಬಾಯಿಗೆ ಇಡುವ ಬುದ್ಧಿ ಮನುಷ್ಯರಲ್ಲೇ ಅಪರೂಪ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆವಿಯಾಗಿ ಕಡಿಮೆಯಾದಷ್ಟು ನೀರನ್ನು ದಿನವೂ ತುಂಬುವ ಕೆಲಸ ಚಾರ್ವಿಯ ಗಂಡ ತರುಣನದಾಗಿತ್ತು. ಅವನಿಗೆ ಬೀದರಿಗೆ ವರ್ಗವಾದ ಮೇಲೆ ಅದೂ ಅತ್ತೆಯ ಪಾಲಿಗೆ ಬಂತು. ಕೇಂದ್ರದಿಂದ ಡಬ್ಬಿಗಳಲ್ಲಿ ಶುದ್ಧ ನೀರು ಬರುತ್ತಿತ್ತು, ಗುರುತು ಮಾಡಿದಷ್ಟು ಹಾಕುವುದಷ್ಟೇ.

ಶ್ರಾವಣ ಕಳೆಯುವ ಹೊತ್ತಿಗೆ ಒಂದು ಮುಂಜಾನೆ ಚಾರ್ವಿ ಚಹಾದ ಕಪ್ಪು ಹಿಡಿದು ನಕ್ಷೆಯತ್ತ ನೋಡಿದಾಗ ತನ್ನ ಮನೆಯ ದೀಪವೇ ಹಳದಿಯಾಗಿತ್ತು. ಮಧ್ಯಾಹ್ನಕ್ಕೆ ಕೆಂಪಾಯಿತು. ಜೊತೆಯವರು ಅವಳ ಮುಖ ನೋಡಿ, ತಟ್ಟನೆ ತಮ್ಮ ತಮ್ಮ ಪರದೆಗಳಿಗೆ ಕಣ್ಣು ಹೊರಳಿಸಿದರು. ಉಪ್ಪು ಸರಿ, ಬಿಸಿ ಸರಿ, ಬೆಳಕು ಸರಿ. ನಾಲಿಗೆಗೆ ಗೊತ್ತಿದ್ದ ಯಾವ ರುಚಿಯಲ್ಲೂ ದೋಷವಿಲ್ಲ. ಆದರೂ ಅನಿಮೋನಿ ಸಂಕಟದಲ್ಲಿತ್ತು. ಮಾದರಿ ತರಿಸಿ ಗೊತ್ತಿದ್ದ ರೋಗಗಳಿಗೆಲ್ಲ ಪರೀಕ್ಷೆ ಮಾಡಿದರು, ಏನೂ ಸಿಗಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಮಕಾನದಾರ ಮೆತ್ತಗೆ ಮಾತಾಡುವ ಮನುಷ್ಯ. ಎಲ್ಲ ಮನೆಗಳಿಗೂ ಕೇಳುವ ಪ್ರಶ್ನೆಯನ್ನೇ ಅವಳಿಗೂ ಕೇಳಿದರು, ಮನೆಯಲ್ಲಿ ಯಾರಾದರೂ ತೊಟ್ಟಿಗೆ ಏನಾದರೂ ಹಾಕಿದರೇ ಎಂದು.

“ನಮ್ಮ ಮನ್ಯಾಗ ಹಂಗಾಗಂಗಿಲ್ರೀ ಸರ್,” ಎಂದಳು ಚಾರ್ವಿ. “ನಮ್ಮತ್ತಿ ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚು ಹಾಕೂವರಲ್ಲ.”

ಹಾಗಾದರೆ ಕಾರಣ ಗೊತ್ತಿಲ್ಲದ ಕೆಂಪು ಎಂದಾಯಿತು. ಅದಕ್ಕೆ ನಿಯಮವಿತ್ತು. ನೀರಿನ ಗಾಡಿ ಮನೆಯಿಂದ ಮನೆಗೆ ಹೋಗುತ್ತದೆ, ಹೊಸ ರೋಗವೊಂದು ಅದರ ಜೊತೆ ಸುತ್ತಾಡಿದರೆ ಮತ್ತೆ ಕರಾವಳಿಯ ಕಟ್ಟಡದ ಕಥೆಯೇ. ಆದ್ದರಿಂದ ಮರುದಿನ ಸಂಜೆಯೊಳಗೆ ಕಾರಣ ಸಿಗದಿದ್ದರೆ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದು, ಒಳಗಿನ ಜೀವವನ್ನೆಲ್ಲ ಮುಗಿಸಬೇಕು. ಆ ನಿಯಮ ಬರೆದವರಲ್ಲಿ ಚಾರ್ವಿಯೂ ಒಬ್ಬಳು. ಬರೆಯುವಾಗ ಅದು ಬೇರೆಯವರ ಮನೆಯ ಮಾತಾಗಿತ್ತು. ಮಕಾನದಾರ ಕನ್ನಡಕ ತೆಗೆದು ಒರೆಸುತ್ತ, ಮನೆಗೆ ಹೋಗಿ ಇನ್ನೊಮ್ಮೆ ಕಣ್ಣಾರೆ ನೋಡಿ ಬಾ ಎಂದರು.

ಮನೆಗೆ ಬಂದಾಗ ಅತ್ತೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಂದು ಹಸಿರಿನ ಬೆರಳುಗಳನ್ನು ತಟ್ಟೆಯಗಲ ಚಾಚುತ್ತಿದ್ದ ಅನಿಮೋನಿ ಮುದುಡಿ ಮುಷ್ಟಿಯಷ್ಟಾಗಿತ್ತು. ಬಾಯಿ ಸಡಿಲಾಗಿ ತೆರೆದಿತ್ತು. ಗೌಡ್ತಿ ಅದರ ಪಕ್ಕ ನಿಂತು ರೆಕ್ಕೆಯಿಂದ ಬಿಡದೆ ನೀರು ಬೀಸುತ್ತಿತ್ತು. ಕಾಯಿಲೆಯವರ ಮಗ್ಗುಲಲ್ಲಿ ಕೂತು ಬೀಸಣಿಕೆ ಆಡಿಸುವವರ ಹಾಗೆ.

ಚಾರ್ವಿಗೆ ಆಗ ಒಂದು ಸಂಗತಿ ಹೊಳೆದು ನಾಚಿಕೆಯಾಯಿತು. ಊರಿನವರಿಗೆಲ್ಲ ಕೇಳುವ ಪ್ರಶ್ನೆಯನ್ನು ಅವಳು ತನ್ನ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಮನೆಯದು ನಮಗೆ ಗೊತ್ತಿಲ್ಲವೇ ಎಂಬ ಭರವಸೆ. ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಇದಕ್ಕೆ ಏನೇನು ಹಾಕಿದಿರಿ ಎಂದು ಕೇಳಿದಳು.

“ನೀರ ಹಾಕೇನಿ, ಮತ್ತೇನು?” ಎಂದರು ಅತ್ತೆ. “ಅದೂ ಹಂಗ ಹಾಕಿಲ್ಲ. ಆ ಡಬ್ಬಿ ನೀರಿನ್ಯಾಗ ಏನೂ ಕಸುವಿರಂಗಿಲ್ಲ ನೋಡವಾ. ರಾತ್ರಿ ತಾಮ್ರದ ಹಂಡೇದಾಗ ಇಟ್ಟು, ಮುಂಜಾನೆ ಹಾಕ್ತೀನಿ. ನಿನಗೂ ಅದ ನೀರ ಕುಡಸ್ತೀನಲ್ಲ. ತವರಿಗೆ ಹೊಂಟ ಮಗಳನ್ನ ಬಡಕಲ ಮಾಡಿ ಕಳಸೂದು ಚಂದೇನು?”

ತಾಮ್ರ. ಹಿರಿಯರು ನಂಬಿದಂತೆ ಮನುಷ್ಯನಿಗೆ ಅದು ಒಳ್ಳೆಯದಿರಬಹುದು, ಮೀನೂ ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಅನಿಮೋನಿಯಂಥ ಮೂಳೆಯಿಲ್ಲದ ಕಡಲಜೀವಿಗೆ ಅದರ ಒಂದು ಕಣವೂ ಭಾರ. ಮೇಲಾಗಿ ನೀರು ಶುದ್ಧವಾದಷ್ಟೂ ಅದಕ್ಕೆ ಹಸಿವು ಹೆಚ್ಚು. ತನ್ನಲ್ಲಿ ಯಾವ ಲವಣವೂ ಇಲ್ಲದ್ದರಿಂದ ಮುಟ್ಟಿದ ಲೋಹವನ್ನೇ ಕರಗಿಸಿಕೊಳ್ಳುತ್ತದೆ. ಕೇಂದ್ರದವರು ಮುತುವರ್ಜಿಯಿಂದ ಶುದ್ಧ ಮಾಡಿದ ನೀರು ಅತ್ತೆ ಮುತುವರ್ಜಿಯಿಂದ ತಿಕ್ಕಿ ಬೆಳಗಿದ ಹಂಡೆಯಲ್ಲಿ ರಾತ್ರಿಯಿಡೀ ತಾಮ್ರ ಕುಡಿದಿತ್ತು. ನಾಲಿಗೆಗೆ ತಾಮ್ರದ ರುಚಿಯನ್ನು ಯಾರೂ ಕಲಿಸಿರಲಿಲ್ಲ. ಯಾವ ರುಚಿ ಕಲಿಸಬೇಕೆಂದು ತೀರ್ಮಾನಿಸಿದ ಸಮಿತಿಯಲ್ಲಿದ್ದವರ ಮನೆಗಳಲ್ಲೆಲ್ಲ ತಾಮ್ರದ ಹಂಡೆ, ಚೊಂಬುಗಳಿದ್ದವು. ಒಬ್ಬರಿಗೂ ನೆನಪಾಗಲಿಲ್ಲ.

“ಅತ್ತೀ, ನೀವು ಅದಕ್ಕ ವಿಷಾ ಹಾಕೀರಿ,” ಎಂದುಬಿಟ್ಟಳು ಚಾರ್ವಿ.

ಆಡಿದ ಕ್ಷಣವೇ ಅವಳಿಗೆ ಕೆಡುಕೆನಿಸಿತು, ಆದರೆ ಬಾಯಿ ಬಿಟ್ಟ ಮಾತು ಬಾಯಿಗೆ ಮರಳುವುದಿಲ್ಲ. ಅತ್ತೆ ಕುರ್ಚಿಯಿಂದ ಎದ್ದು, ಸೆರಗಿನಿಂದ ಗಾಜಿನ ಮೇಲಿನ ತಮ್ಮ ಕೈಯ ಗುರುತನ್ನು ಒರೆಸಿ, ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅಂದು ಅವರು ಊಟಕ್ಕೆ ಬರಲಿಲ್ಲ.

ಕಾರಣ ಸಿಕ್ಕಿದ್ದರಿಂದ ಬ್ಲೀಚಿಂಗ್ ಪೌಡರ್ ತಪ್ಪಿತು. ಮಕಾನದಾರ ತಾವೇ ಗಾಡಿಯಲ್ಲಿ ಹೊಸ ಉಪ್ಪುನೀರು, ಇದ್ದಿಲು, ತಾಮ್ರ ಹೀರುವ ಹರಳುಗಳನ್ನು ಕಳಿಸಿದರು. ಚಾರ್ವಿ ಅರ್ಧ ನೀರು ತೆಗೆದು ಹೊಸದು ತುಂಬಿದಳು, ಮತ್ತೆ ಅರ್ಧ ತೆಗೆದು ಮತ್ತೆ ತುಂಬಿದಳು. ನೀರಿನಲ್ಲಿ ತಾಮ್ರ ಕಡಿಮೆಯಾಯಿತು, ದೀಪ ಮಾತ್ರ ಕೆಂಪಾಗಿಯೇ ಉಳಿಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅನಿಮೋನಿ ಉದ್ದಕ್ಕೆ ಎಳೆದಂತಾಗಿ, ನಡುವೆ ಸೀಳು ಕಾಣಿಸಿಕೊಂಡಿತು. ಮೈ ಹರಿಯುತ್ತಿತ್ತು. ಫೋನಿನಲ್ಲಿ ಚಿತ್ರ ನೋಡಿದ ಮಕಾನದಾರ, ಅದು ಉಳಿಯುವಂತೆ ಕಾಣುವುದಿಲ್ಲ, ಕೊಳೆತರೆ ನೀರು ಕೆಟ್ಟು ಮೀನುಗಳೂ ಹೋಗುತ್ತವೆ, ಅವನ್ನಾದರೂ ತೆಗೆದುಬಿಡು ಎಂದರು. ತಿಳಿದವರ ಮಾತು, ತಪ್ಪೇನೂ ಇರಲಿಲ್ಲ.

ಚಾರ್ವಿ ಬಲೆ ಹಿಡಿದು ತೊಟ್ಟಿಗೆ ಕೈ ಇಳಿಸಿದಳು. ಗೌಡ ಬಂಡೆಯ ಹಿಂದೆ ಅಡಗಿತು. ಗೌಡ್ತಿ ಅಡಗಲಿಲ್ಲ. ನೆಟ್ಟಗೆ ಬಂದು ಅವಳ ಕೈಯನ್ನು ಕಚ್ಚಿತು. ಅಂಗೈಯುದ್ದವೂ ಇಲ್ಲದ ಮೀನು ತನಗಿಂತ ಸಾವಿರ ಪಾಲು ದೊಡ್ಡ ಜೀವವನ್ನು ಕಚ್ಚಿ, ಹಿಂದೆ ಸರಿದು, ಹರಿಯುತ್ತಿದ್ದ ಆ ಅನಿಮೋನಿಯ ಮುಂದೆ ಅಡ್ಡ ನಿಂತು ಮತ್ತೆ ಮೇಲೇರಿ ಬಂತು. ಚಾರ್ವಿ ಅಯ್ಯೋ ಎಂದದ್ದು ಕೇಳಿ ಒಳಕೋಣೆಯ ಬಾಗಿಲು ತೆರೆಯಿತು. ಅತ್ತೆ ಬಂದು ಗೋಡೆಗೊರಗಿ ನಿಂತರು. ಹತ್ತಿರ ಬರಲು ಅವರಿಗೆ ಧೈರ್ಯವಿರಲಿಲ್ಲ.

“ಹೂವು ಸಾಯ್ತೈತೇನು?”

“ಗೊತ್ತಿಲ್ರೀ ಅತ್ತೀ. ಮೀನಾದ್ರೂ ಉಳೀಲಿ ಅಂತ ತಗೀಲಿಕ್ಕೆ ಹತ್ತೇನಿ.”

ಅತ್ತೆ ಗೌಡ್ತಿಯನ್ನೇ ನೋಡುತ್ತಿದ್ದರು. “ಅವು ಬಿಟ್ಟು ಹೋಗವಲ್ವು,” ಎಂದರು. “ನಾವ್ಯಾಕ ಬಿಡಿಸಬೇಕು?”

ಅದು ವಿಜ್ಞಾನದ ಮಾತಲ್ಲ, ಕರುಳಿನ ಮಾತು. ಚಾರ್ವಿಯ ಬಳಿಯೂ ಆಗ ಅದಕ್ಕಿಂತ ಹೆಚ್ಚಿನದೇನೂ ಉಳಿದಿರಲಿಲ್ಲ. ಬಲೆಯನ್ನು ಬಕೆಟ್ಟಿಗೆ ಹಾಕಿದಳು. ಕೈಯಿಂದ ಉಪ್ಪುನೀರು ಸೋರುತ್ತಿರುವಾಗಲೇ, ನಿನ್ನೆ ಹಾಗೆ ಅಂದದ್ದು ನನ್ನ ತಪ್ಪು ಎಂದು ಹೇಳಿದಳು.

“ವಿಷಾ ಹಾಕಿದ್ದು ಖರೇನ ಐತಿ,” ಎಂದರು ಅತ್ತೆ. “ವಿಷಾ ಅಂತ ತಿಳದು ಹಾಕಿಲ್ಲವಾ.”

ಇಬ್ಬರೂ ತೊಟ್ಟಿಯ ಮುಂದೆ ಕೂತರು. ಚಾರ್ವಿ ಮಕಾನದಾರರಿಗೆ ಫೋನು ಮಾಡಿ, ಸಂಜೆಯವರೆಗೆ ನೀರು ಬದಲಿಸುತ್ತಲೇ ಇರುತ್ತೇನೆ, ಮೀನು ತೆಗೆಯುವುದಿಲ್ಲ ಎಂದಳು. ಅವರು ಬೇಡವೆನ್ನಲಿಲ್ಲ. ಸೀಳು ಅಗಲವಾಗುತ್ತ ಹೋಯಿತು. ಅನಿಮೋನಿಯ ಪಾದದ ಒಂದು ಅಂಚು ಎಡಕ್ಕೆ, ಇನ್ನೊಂದು ಬಲಕ್ಕೆ ಹರಿದು ಸಾಗುತ್ತಿತ್ತು, ಎರಡೂ ಕಡೆಯಿಂದ ಯಾರೋ ಜಗ್ಗುತ್ತಿರುವಂತೆ. ಗೌಡ್ತಿ ಆ ಸೀಳಿನ ನಡುವೆಯೇ ನಿಂತು ನೀರು ಬೀಸಿತು. ಗೌಡ ಒಮ್ಮೆ ಇತ್ತ, ಒಮ್ಮೆ ಅತ್ತ ಓಡಾಡಿತು. ಇಳಿಹೊತ್ತಿನಲ್ಲಿ ನಡುವಿನ ಕೊನೆಯ ಎಳೆ ಕಳಚಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಚಾರ್ವಿ ಮುಚ್ಚಲಿಲ್ಲ, ಆದ್ದರಿಂದ ಮುಂದಿನದನ್ನು ಮೊದಲು ಕಂಡವಳು ಅವಳು. ಎಡಗಡೆಯ ತುಂಡು ಹರಿದ ಅಂಚನ್ನು ನಿಧಾನವಾಗಿ ಒಳಕ್ಕೆ ಮಡಚಿಕೊಂಡಿತು. ಬಲಗಡೆಯದೂ ಅಷ್ಟೇ. ಎರಡಕ್ಕೂ ಪಾದವಿತ್ತು, ಎರಡೂ ಬಂಡೆಗೆ ಕಚ್ಚಿಕೊಂಡಿದ್ದವು. ಎಡಗಡೆಯದರ ಒಂದು ಬೆರಳು ಉಬ್ಬಿ ಮೇಲೆದ್ದಿತು, ಆಮೇಲೆ ಇನ್ನೊಂದು.

ಸಂಕಟಕ್ಕೆ ಸಿಕ್ಕ ಅನಿಮೋನಿ ಒಮ್ಮೊಮ್ಮೆ ತನ್ನನ್ನು ತಾನೇ ಎರಡು ಮಾಡಿಕೊಳ್ಳುತ್ತದೆ ಎಂದು ಚಾರ್ವಿ ಓದಿದ್ದಳು. ಒಂದು ಹೋದರೂ ಒಂದು ಇರಲಿ ಎಂಬ ಲೆಕ್ಕ. ಆದರೆ ಇಷ್ಟು ವರ್ಷ ಎರಡಾಗದ ಈ ಒಂಟಿ ಜೀವ ಹಾಗೆ ಮಾಡೀತೆಂದು ಆಸೆಪಡಲೂ ಅವಳು ಹೆದರಿದ್ದಳು. ಈಗ ಅವಳಿಗೆ ಅಳು ಬಂತು, ಅತ್ತಳು. ವಿಷವುಂಡು, ಮುದುಡಿ, ಸಾಯುವ ಬದಲು ಮೈಯನ್ನೇ ಸೀಳಿ ಇಬ್ಬರಾಗಿ ಎದ್ದು ನಿಂತ ಜೀವದ ಮುಂದೆ ತನ್ನ ಓದೆಲ್ಲ ತೀರ ಚಿಕ್ಕದೆನಿಸಿತು.

ದೀಪ ಹಳದಿಗೆ ತಿರುಗಿದ ದಿನ ಮಕಾನದಾರ ಮನೆಗೆ ಬಂದರು. ಚಪ್ಪಲಿ ಬಿಟ್ಟು ಒಳಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಅತ್ತೆ ಕೊಟ್ಟ ಚಹಾ ಆರಿದರೂ ನೋಡುತ್ತಲೇ ಇದ್ದರು. ಎಲ್ಲ ಮನೆಗಳಿಗೆ ಹೋಗಬೇಕಾದ ಎಚ್ಚರಿಕೆಯನ್ನು ಚಾರ್ವಿಯೇ ಬರೆದಳು, ಇದು ನಮ್ಮ ಮನೆಯಲ್ಲೇ ಆಯಿತು ಎಂದು ಸೇರಿಸಿ. ನಾಲಿಗೆಗೂ ತಾಮ್ರದ ರುಚಿ ಕಲಿಸಿದರು. ಎರಡು ವಾರದಲ್ಲಿ ಇನ್ನೂ ನಾಲ್ಕು ಮನೆಗಳಲ್ಲಿ ಅದು ತಾಮ್ರ ಕಂಡುಹಿಡಿಯಿತೆಂದು ಕೇಳಿದಾಗ ಅಶ್ವಿನಿಯವರ ಮುಖ ಸ್ವಲ್ಪ ಅರಳಿತು.

ಅನಿಮೋನಿಯ ಎರಡು ತುಂಡುಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಅವರು ಕೇಳಿದ್ದರು. ಎರಡೂ ಹಳೆಯವು, ಎರಡೂ ಹೊಸವು ಎಂದು ಚಾರ್ವಿ ಹೇಳಿದಾಗ ಅದೆಂಥ ಉತ್ತರ ಎಂದು ಗದರಿದರು.

ದೀಪಾವಳಿ ಕಳೆದ ಮೇಲೆ ದೊಡ್ಡ ತುಂಡು ಕಡಲಿಗೆ ಹೊರಟಿತು. ಅದರೊಂದಿಗೆ ಗೌಡ್ತಿ, ಗೌಡರೂ ಹೋಗಲೇಬೇಕಿತ್ತು. ಕಡಲಿನಲ್ಲಿ ಕಾವಲಿಗೆ ಕೋಡಂಗಿಯಿಲ್ಲದ ಅನಿಮೋನಿಯ ಬೆರಳುಗಳನ್ನು ಬೇರೆ ಮೀನುಗಳು ಕಡಿದು ತಿನ್ನುತ್ತವೆ. ನೇತ್ರಾಣಿಯಲ್ಲಿ ಕೋಡಂಗಿ ಕಂಡು ಎಷ್ಟೋ ವರ್ಷಗಳಾಗಿದ್ದವು. ಅತ್ತೆ ತಕರಾರು ಮಾಡಲಿಲ್ಲ. ಹಿಂದಿನ ದಿನ ಗೌಡ್ತಿಗೆ ಕೈಯಾರೆ ಸಿಗಡಿ ತಿನ್ನಿಸಿದರು. ಅದು ಎಂದಿನಂತೆ ಮೊದಲ ಚೂರನ್ನು ಒಯ್ದು ಅನಿಮೋನಿಯ ಬಾಯಿಗೆ ಇಟ್ಟಿತು. ಗಾಡಿ ಓಣಿ ತಿರುಗಿದ ಮೇಲೆ ಅವರು ತೊಟ್ಟಿಯ ಮುಂದೆ ಬಂದು, ಉಳಿದ ಸಣ್ಣ ತುಂಡನ್ನು ನೋಡಿ, ನೀನೊಬ್ಬಳೇ ಆದೆಯಲ್ಲ ಎಂದರು.

ಬಿಡುವ ದಿನ ಕೇಂದ್ರದ ಕೋಣೆ ತುಂಬಿಹೋಗಿತ್ತು. ಮನೆಗಡಲಿನ ಸಂಸಾರಗಳೆಲ್ಲ ಬಂದಿದ್ದವು, ಕಕ್ಷಿದಾರರನ್ನು ಬಿಟ್ಟು ಆ ವಕೀಲರೂ. ಚಾರ್ವಿ ಮೈಕಿನ ಮುಂದೆ, ಅವಳ ಪಕ್ಕದಲ್ಲಿ ಅತ್ತೆ. ಪರದೆಯ ಮೇಲೆ ನೇತ್ರಾಣಿಯ ನೀಲಿ ನೀರು. ಮುಳುಗುಗಾರ ನಿತಿನ ಹರಿಕಾಂತ ಅನಿಮೋನಿಯನ್ನು ಬಂಡೆಯ ಸಂದಿನಲ್ಲಿ ಕೂರಿಸಿ, ಅದರ ಪಕ್ಕ ಒಂದು ನಾಲಿಗೆ ಅಂಟಿಸಿದ. ನಕ್ಷೆಯಲ್ಲಿ ಮೊದಲ ಸಲ ನೀರಿನ ಮೇಲೆ ಒಂದು ದೀಪ ಹತ್ತಿತು, ಕೆಂಪಾಗಿ. ಅನಿಮೋನಿ ಮುದುಡಿ ಕೂತಿತು. ಬಹಳ ಹೊತ್ತಿನ ಮೇಲೆ ಅದು ಪಾದ ಊರಿ, ಒಂದೊಂದೇ ಬೆರಳು ಚಾಚಿತು. ಮೀನಿನ ಚೀಲ ಬಿಚ್ಚಬಹುದೇ ಎಂದು ಮಕಾನದಾರ ಕೇಳಿದರು. ಅಷ್ಟರಲ್ಲಿ ನಿತಿನನ ದನಿ ಬಂತು.

“ಸ್ವಲ್ಪ ತಡೀರಿ ಡಾಕ್ಟ್ರೆ. ಇಲ್ಲೊಂದು ಮೊದ್ಲೇ ಬಂದದೆ.”

ಬಂಡೆಯ ಬಿರುಕಿನೊಳಗಿಂದ ಒಂದು ಮೀನು ಮುಖ ಹಾಕಿತ್ತು. ಸಣ್ಣದು, ಬಣ್ಣ ಮಾಸಿದ್ದು, ಬಾಲದ ಅಂಚು ಹರಿದಿದ್ದು. ಆದರೂ ಕಿತ್ತಳೆ ಮೈ, ಬಿಳಿ ಪಟ್ಟಿ. ಮನೆಯೇ ಇಲ್ಲದ ಕಡಲಿನಲ್ಲಿ ಅದು ಹೇಗೆ ಬದುಕಿತ್ತೋ, ಆ ಕೋಣೆಯಲ್ಲಿದ್ದ ಯಾವ ವಿಜ್ಞಾನಿಗೂ ಗೊತ್ತಿರಲಿಲ್ಲ. ಅದು ಬಿರುಕು ಬಿಟ್ಟು ಹೊರಬಂದು ಅನಿಮೋನಿಯ ಸುತ್ತ ಒಂದು ಸುತ್ತು ಹಾಕಿತು. ಬಾಲದ ತುದಿಯಿಂದ ಒಂದು ಬೆರಳನ್ನು ಮುಟ್ಟಿ ಚಿಮ್ಮಿ ದೂರ ಹಾರಿತು.

ಚುಚ್ಚುತ್ತಿದೆ ಎಂದು ಚಾರ್ವಿ ಅತ್ತೆಗೆ ಪಿಸುಗುಟ್ಟಿದಳು. ಅನಿಮೋನಿಯಿಂದ ದೂರ ಉಳಿದ ಕೋಡಂಗಿಯ ಲೋಳೆ ಒಗ್ಗಿರುವುದಿಲ್ಲ, ಅದು ಮತ್ತೆ ಮೊದಲಿನಿಂದ ಒಗ್ಗಿಸಿಕೊಳ್ಳಬೇಕು, ನೋವುಂಡು. ಮೀನು ಮರಳಿ ಬಂತು. ಈ ಸಲ ಹೊಟ್ಟೆಯ ರೆಕ್ಕೆ ತಾಗಿಸಿತು, ನಡುಗಿತು, ಸರಿಯಿತು. ಮತ್ತೆ ಬಂತು. ಮತ್ತೆ. ಪ್ರತಿ ಸಲವೂ ಇನ್ನಷ್ಟು ಹೊತ್ತು ನಿಂತಿತು. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ನಿತಿನ ತನ್ನ ಗಾಳಿ ಮುಗಿಯುತ್ತಿದೆ ಎಂದು ಹೇಳಿ, ಕ್ಯಾಮರಾವನ್ನು ಬಂಡೆಗೆ ಒರಗಿಸಿಟ್ಟು, ಮೀನಿನ ಚೀಲ ಹಿಡಿದು ಮೇಲೆ ದೋಣಿಗೆ ಹೋದ. ಮೀನು ಮುಟ್ಟುತ್ತಲೇ ಇತ್ತು. ಕೊನೆಗೊಮ್ಮೆ ಅದು ಬೆರಳುಗಳನ್ನು ಬದಿಗೆ ಸರಿಸಿ ಒಳಕ್ಕೆ ನುಗ್ಗಿತು. ಅನಿಮೋನಿ ಮುಚ್ಚಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಬೆರಳುಗಳ ನಡುವಿನಿಂದ ಒಂದು ಪುಟ್ಟ ಮುಖ ಹೊರಗೆ ಇಣುಕಿತು. ಕಡಲಿನ ದೀಪ ಹಸಿರಾಯಿತು.

“ಅದಕ್ಕ ಇದನ್ನೆಲ್ಲ ಯಾರು ಕಲಿಸಿದ್ರು?” ಎಂದರು ಅತ್ತೆ.

“ಯಾರೂ ಇಲ್ರೀ ಅತ್ತೀ.”

ಅತ್ತೆ ಸೊಸೆಯ ಕೈ ಹಿಡಿದುಕೊಂಡರು. ಮಕಾನದಾರ ಮುಖ ಆಚೆ ತಿರುಗಿಸಿ ಕನ್ನಡಕ ಒರೆಸುತ್ತಿದ್ದರು. ದೋಣಿಯಿಂದ ನಿತಿನ, ಈ ಚೀಲದಲ್ಲಿರುವ ಇಬ್ಬರನ್ನು ಏನು ಮಾಡಲಿ ಎಂದು ಕೇಳಿದ. ಕಡಲಿನ ಅನಿಮೋನಿಗೆ ಈಗ ಕಾವಲಿತ್ತು, ಮನೆಯಲ್ಲಿ ಸಣ್ಣ ತುಂಡು ಒಂಟಿಯಾಗಿತ್ತು. ಚಾರ್ವಿ ಅತ್ತೆಯ ಮುಖ ನೋಡಿದಳು, ಮೈಕನ್ನು ಹತ್ತಿರ ಎಳೆದುಕೊಂಡಳು.

“ಗೌಡ್ತಿ, ಗೌಡ ಇಬ್ಬರನ್ನೂ ಮನಿಗೆ ಕರಕೊಂಡು ಬರ್ರಿ,” ಎಂದಳು.